ಮೆಂಟರಿಂಗ್ ಸಂಸ್ಥೆಗೆ ಸ್ವಂತ ಕಟ್ಟಡ: ಸಾಲ ಮಾಡೋದಾ, ದೇಣಿಗೆ ಎತ್ತೋದಾ?

ಮರದನೆರಳು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಮತ್ತು ಹದಿಹರೆಯದವರಿಗೆ, ಜೊತೆಗಿದ್ದು ದಾರಿ ತೋರುವ ದೊಡ್ಡವರನ್ನು, ಅಂದರೆ ಮೆಂಟರ್‌ಗಳನ್ನು ಜೋಡಿಸುವ ಒಂದು ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನಾನಿದ್ದೇನೆ. ಈಗ ಬಾಡಿಗೆ ಜಾಗ. ಕರಾರು ಇನ್ನೆರಡು ವರ್ಷಕ್ಕೆ ಮುಗಿಯುತ್ತದೆ. ಮಾಲೀಕರು ಮುಂದುವರಿಸುವುದಿಲ್ಲ ಎಂದು ಹೇಳಿದ್ದಾರೆ. ಹೊಸ ಮೆಂಟರ್‌ಗಳ ಸಂದರ್ಶನ ಮಾಡಲು, ಬಾಗಿಲು ಹಾಕಿಕೊಂಡು ಮಾತಾಡುವಂಥ ಒಂದು ಕೋಣೆ ಕೂಡ ನಮಗಿಲ್ಲ. ತರಬೇತಿಗೆ ಬೇರೆಯವರ ಹಾಲ್ ಕೇಳಿ ಪಡೆಯುತ್ತೇವೆ.

ಈಗ ಒಬ್ಬ ದಾನಿ ಮುಂದೆ ಬಂದಿದ್ದಾರೆ. ಹೊಸ ಕಟ್ಟಡದ ಅಂದಾಜು ವೆಚ್ಚದಲ್ಲಿ ಮೂರನೇ ಒಂದು ಪಾಲು ಕೊಡುತ್ತಾರಂತೆ. ಷರತ್ತು ಎರಡು. ಒಂದು ವರ್ಷದೊಳಗೆ ಕೆಲಸ ಶುರುವಾಗಬೇಕು. ಕಟ್ಟಡಕ್ಕೆ ಅವರ ಮನೆತನದ ಹೆಸರು ಶಾಶ್ವತವಾಗಿ ಇರಬೇಕು.

ಮಂಡಳಿಯಲ್ಲಿ ಅರ್ಧ ಜನ ಉಳಿದದ್ದಕ್ಕೆ ಸಾಲ ಮಾಡೋಣ ಅನ್ನುತ್ತಾರೆ. ಬಾಡಿಗೆಗೆ ಹೋಗುವ ದುಡ್ಡನ್ನೇ ಕಂತಿಗೆ ಕಟ್ಟಿದರಾಯಿತು ಎಂಬುದು ಅವರ ಲೆಕ್ಕ. ಇನ್ನರ್ಧ ಜನ ದೇಣಿಗೆ ಎತ್ತೋಣ ಅನ್ನುತ್ತಾರೆ. ನನಗಂತೂ ಕಟ್ಟಡ ಬೇಕು ಅಂತಲೇ ಇದೆ. ಆದರೆ ಅದರ ಭಾರಕ್ಕೆ ಮಕ್ಕಳ ಕೆಲಸ ಸೊರಗಬಾರದು. ಇಂಥ ಕೆಲಸ ಹತ್ತಿರದಿಂದ ನೋಡಿದವರು ಬಿಡಿಸಿ ಹೇಳಿ.

ಲೆಕ್ಕಪತ್ರ

ಮೊದಲು ಆ "ಅಂದಾಜು ವೆಚ್ಚ" ಅನ್ನೋದರಲ್ಲಿ ಏನೇನು ಸೇರಿದೆ ಅಂತ ನೋಡಿ. ಸಾಮಾನ್ಯವಾಗಿ ಜಾಗ ಮತ್ತು ಕಟ್ಟುವ ಖರ್ಚು ಮಾತ್ರ ಇರುತ್ತದೆ. ವಾಸ್ತುಶಿಲ್ಪಿಯ ಶುಲ್ಕ, ಪರವಾನಗಿ, ಕಾನೂನು ಖರ್ಚು, ಪೀಠೋಪಕರಣ, ಕಂಪ್ಯೂಟರ್ ಜಾಲ, ಸಾಮಾನು ಸಾಗಿಸುವುದು, ಕೆಲಸ ನಡೆಯುವಾಗಿನ ಬಡ್ಡಿ, ದೇಣಿಗೆ ಎತ್ತಲು ಆಗುವ ಖರ್ಚು, ಅನಿರೀಕ್ಷಿತಕ್ಕೆ ಅಂತ ತೆಗೆದಿಡುವ ಹಣ, ಇವೆಲ್ಲ ಹೊರಗೇ ಉಳಿದಿರುತ್ತವೆ. ಇವನ್ನೆಲ್ಲ ಸೇರಿಸಿದ ಮೇಲೆ ದಾನಿಯ ಮೂರನೇ ಒಂದು ಪಾಲು ಕಾಲು ಪಾಲಾಗಿಬಿಡಬಹುದು.

ಎರಡನೆಯದು, ಬಾಡಿಗೆಯನ್ನು ಕಂತಿನ ಜೊತೆ ಹೋಲಿಸುವುದು ಸರಿಯಲ್ಲ. ಬಾಡಿಗೆ ಕಟ್ಟುವವರಿಗೆ ಚಾವಣಿ ಸೋರಿದರೆ ಮಾಲೀಕರನ್ನು ಕರೆದರಾಯಿತು. ಸ್ವಂತ ಕಟ್ಟಡದಲ್ಲಿ ಚಾವಣಿ, ಲಿಫ್ಟ್, ಕೊಳಾಯಿ, ವಿಮೆ, ಕಾವಲು ಎಲ್ಲವೂ ನಿಮ್ಮದೇ. 1990ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಸಾರ್ವಜನಿಕ ಕಟ್ಟಡಗಳ ಬಗ್ಗೆ ಒಂದು ವರದಿ ಕೊಟ್ಟಿತು. ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟಾಗುತ್ತದೋ ಅದರ ಶೇ 2ರಿಂದ 4ರಷ್ಟನ್ನು ಪ್ರತಿ ವರ್ಷ ನಿರ್ವಹಣೆ, ದುರಸ್ತಿಗೆ ಇಡಬೇಕು ಎಂದು ಅದು ಹೇಳಿತ್ತು. ಇದನ್ನು ನಿಮ್ಮ ವಾರ್ಷಿಕ ಬಜೆಟ್ಟಿನಲ್ಲಿ ಇಟ್ಟು ನೋಡಿ. ಆಗಲೂ ಸಂಬಳಕ್ಕೆ ತೊಂದರೆಯಾಗದಿದ್ದರೆ ಮುಂದಿನ ಮಾತು.

ಪುಟ್ಟಹೆಜ್ಜೆ

ನಾನು ಜೋಡಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಂದರೆ ಮೆಂಟರ್, ಮಗು, ಮನೆಯವರು ಮೂವರ ಜೊತೆಗೂ ತಿಂಗಳು ತಿಂಗಳು ಮಾತಾಡುವ ಕೆಲಸ. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ.

ಈ ಕೆಲಸ ಕಟ್ಟಡದಿಂದ ಶುರುವಾದದ್ದಲ್ಲ. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್, ಕಟಕಟೆಗೆ ಬರುತ್ತಿದ್ದ ಹುಡುಗರನ್ನು ನೋಡಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ದೊಡ್ಡವರು ಜೊತೆಯಾಗಿ ಅಂತ ಊರಿನ ಗಂಡಸರನ್ನು ಕೇಳಿದರು. ಇವತ್ತಿನ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಅಮೆರಿಕದ ಮೆಂಟರಿಂಗ್ ಸಂಸ್ಥೆಯ ಬೇರು ಅದೇ.

1995ರಲ್ಲಿ ಅದೇ ಸಂಸ್ಥೆಯ 8 ಶಾಖೆಗಳಲ್ಲಿ, 10ರಿಂದ 16 ವಯಸ್ಸಿನ 959 ಮಕ್ಕಳ ಮೇಲೆ ಮಾಡಿದ ಅಧ್ಯಯನ ಹೊರಬಂತು. ಮೆಂಟರ್ ಸಿಕ್ಕ ಮಕ್ಕಳು ಹೊಸದಾಗಿ ಮಾದಕ ವಸ್ತು ಮುಟ್ಟುವ ಸಾಧ್ಯತೆ ಶೇ 46ರಷ್ಟು ಕಡಿಮೆ ಇತ್ತು. ಎಲ್ಲರೂ ಉದಾಹರಿಸುವುದು ಇದನ್ನೇ. ಆದರೆ ಅದೇ ಮಾಹಿತಿಯನ್ನು ಮತ್ತೆ ಬಗೆದು ನೋಡಿ 2002ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ನನಗೆ ಹೆಚ್ಚು ಮುಖ್ಯ. ಜೋಡಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದ ಮಕ್ಕಳಿಗೆ ಅತಿ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಹೋದ ಕಡೆ ಮಕ್ಕಳ ಆತ್ಮವಿಶ್ವಾಸ ಇನ್ನೂ ಕುಗ್ಗಿತ್ತು. ಅಂದರೆ ಬೇಗ ಮುರಿಯುವ ಜೋಡಿಯಿಂದ ಮಗುವಿಗೆ ಪೆಟ್ಟೇ ಬೀಳುತ್ತದೆ.

ಜೋಡಿ ಉಳಿಯುವುದು ಯಾರಿಂದ? ಫೋನ್ ಮಾಡುವ ಸಿಬ್ಬಂದಿಯಿಂದ. ಕಂತು ಕಟ್ಟಲು ಆಗದ ವರ್ಷ ಮೊದಲು ಕತ್ತರಿ ಬೀಳುವುದು ಯಾರ ಮೇಲೆ? ಅವರ ಮೇಲೇ. ಬ್ಯಾಂಕಿನ ಕಂತು ನಿಲ್ಲಿಸಲಾಗುವುದಿಲ್ಲ, ಸಂಬಳ ನಿಲ್ಲಿಸಬಹುದು. ಸಾಲದ ಬಗ್ಗೆ ನನ್ನ ಭಯ ಇಷ್ಟೇ.

ಹಳೇಜೋಡಿ

ನಾನು ಹನ್ನೊಂದನೇ ವಯಸ್ಸಿನಿಂದ ಹತ್ತನೇ ತರಗತಿ ಮುಗಿಯುವವರೆಗೆ ಇಂಥ ಒಂದು ಸಂಸ್ಥೆಯ ಮಗುವಾಗಿದ್ದವನು. ಕಟ್ಟಡ ಬೇಡವೇ ಬೇಡ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಮನೆಯ ವಿಷಯ ಹೇಳಿಕೊಳ್ಳಲು ಬಾಗಿಲಿರುವ ಕೋಣೆ ಬೇಕು. ನಾಲ್ಕು ಜನ ಓಡಾಡುವ ಜಾಗದಲ್ಲಿ ಯಾವ ಮಗುವೂ ನಿಜ ಹೇಳುವುದಿಲ್ಲ. ಮೆಂಟರ್ ಜೊತೆ ಹೊರಗೆ ಹೋಗಲು ದುಡ್ಡಿಲ್ಲದ ದಿನ, ಮಳೆ ಬಂದ ದಿನ, ಸುಮ್ನೆ ಕೂತು ಆಟ ಆಡಲು ಒಂದು ಜಾಗ ಇದ್ದರೆ ಅದು ದೊಡ್ಡದು. ಆದರೆ ಒಂದು ಮಾತು. ಊರಾಚೆ ಜಾಗ ಅಗ್ಗ ಅಂತ ಅಲ್ಲಿ ಕಟ್ಟಬೇಡಿ. ಮಕ್ಕಳು ಒಬ್ಬರೇ ಬರುವಂತಿರಬೇಕು, ಕತ್ತಲಾಗುವ ಮೊದಲು ಬಸ್ಸಿನಲ್ಲಿ ವಾಪಸ್ ಹೋಗುವಂತಿರಬೇಕು. ಎಷ್ಟೇ ಚೆಂದದ ಕಟ್ಟಡವಾದರೂ ತಲುಪಲು ಆಗದಿದ್ದರೆ ಅದು ಮಕ್ಕಳದ್ದಲ್ಲ, ಸಿಬ್ಬಂದಿಯದ್ದು.

ಪುಟ್ಟಹೆಜ್ಜೆ

ಕೋಣೆ ಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಪ್ರಶ್ನೆ ಎಷ್ಟು ಕೋಣೆ ಅನ್ನುವುದು.

ಸಾಲದಕಡತ

ಸಾಲ ಕೊಡುವವರ ಕಡೆಯಿಂದ ಹೇಳುತ್ತೇನೆ. ಒಟ್ಟು ವೆಚ್ಚ 100 ಅಂತಿಟ್ಟುಕೊಳ್ಳಿ. ದಾನಿ 33 ಕೊಟ್ಟರು, 67 ಸಾಲ. ಶೇ 9 ಬಡ್ಡಿ, 15 ವರ್ಷ ಅಂದರೆ ವರ್ಷಕ್ಕೆ ಸುಮಾರು 8.2 ಕಟ್ಟಬೇಕು. ಮುಗಿಯುವ ಹೊತ್ತಿಗೆ ಆ 67ಕ್ಕೆ ಸುಮಾರು 122 ಕಟ್ಟಿರುತ್ತೀರಿ. ಬಡ್ಡಿ ಏರಿಳಿಯುವ ಸಾಲವಾಗಿ, ಅದು ಶೇ 11ರ ಮಟ್ಟದಲ್ಲಿದ್ದರೆ ವರ್ಷದ ಕಂತು ಸುಮಾರು 9.1 ಆಗುತ್ತದೆ.

ಬ್ಯಾಂಕು ನೋಡುವುದು ನಿಮ್ಮ ಒಳ್ಳೆಯ ಕೆಲಸವನ್ನಲ್ಲ, ಕಂತು ಕಟ್ಟಿದ ಮೇಲೂ ಉಸಿರಾಡಲು ಜಾಗ ಇದೆಯಾ ಎಂಬುದನ್ನು. ಸಾಮಾನ್ಯವಾಗಿ 1 ಕಟ್ಟಬೇಕಾದ ಕಡೆ 1.2ರಿಂದ 1.25 ಉಳಿತಾಯ ಇರಬೇಕು ಅನ್ನುತ್ತಾರೆ. ಹಾಗಾಗಿ 8.2 ಕಂತಿಗೆ, ಕಂತು ಕಟ್ಟುವ ಮೊದಲು ವರ್ಷಕ್ಕೆ ಹತ್ತರಷ್ಟು ಮಿಗಬೇಕು. ಅದೂ ಷರತ್ತಿಲ್ಲದ ಹಣ. ಒಂದು ಫೌಂಡೇಶನ್ ತರಬೇತಿಗೆ ಅಂತ ಕೊಟ್ಟ ಅನುದಾನದಿಂದ ಕಂತು ಕಟ್ಟುವಂತಿಲ್ಲ. ಬಹಳ ಸಂಸ್ಥೆಗಳು ಎಡವುವುದು ಇಲ್ಲೇ. ಒಟ್ಟು ಆದಾಯ ದೊಡ್ಡದಾಗಿ ಕಾಣುತ್ತದೆ, ಕೈ ಬಿಚ್ಚಿ ಖರ್ಚು ಮಾಡಬಹುದಾದದ್ದು ಅದರಲ್ಲಿ ಸ್ವಲ್ಪವೇ.

ಇನ್ನೊಂದು ವಿಷಯ. ಮಂಡಳಿ ಸದಸ್ಯರ ವೈಯಕ್ತಿಕ ಜಾಮೀನು ಕೇಳಿದರೆ ಅಲ್ಲೇ ನಿಲ್ಲಿ. ಜಾಮೀನು ಹಾಕಿದವರು ಮುಂದೆ ಸಾಲ ತೀರಿಸುವ ಕಣ್ಣಿನಿಂದಲೇ ಎಲ್ಲ ನಿರ್ಧಾರ ನೋಡುತ್ತಾರೆ. ಅಮೆರಿಕದಲ್ಲಿ ಲಾಭರಹಿತ ಸಂಸ್ಥೆಗಳು ತೆರಿಗೆ ವಿನಾಯಿತಿ ಇರುವ ಬಾಂಡ್ ಮೂಲಕ ಕಡಿಮೆ ಬಡ್ಡಿಗೆ ಹಣ ಎತ್ತುವುದುಂಟು. ಆದರೆ ಬಾಂಡ್ ಹೊರಡಿಸುವ ಖರ್ಚೇ ಜಾಸ್ತಿ. ಸಣ್ಣ ಯೋಜನೆಗೆ ಅದು ಹೊಂದುವುದಿಲ್ಲ.

ಮರದನೆರಳು

ಇದು ಕಣ್ಣು ತೆರೆಸುವ ಲೆಕ್ಕ. ನಮ್ಮ ಆದಾಯದಲ್ಲಿ ಹೆಚ್ಚಿನದು ವರ್ಷ ವರ್ಷ ನವೀಕರಿಸಬೇಕಾದ, ಕೆಲಸಕ್ಕೆ ಕಟ್ಟುಬಿದ್ದ ಅನುದಾನವೇ. ಷರತ್ತಿಲ್ಲದ ಹಣ ಬರುವುದು ಸಣ್ಣ ದಾನಿಗಳಿಂದ. ನೀವು ಹೇಳಿದ ಮಟ್ಟದ ಉಳಿತಾಯ ಖಂಡಿತ ಇಲ್ಲ. ಹಾಗಾದರೆ ದೇಣಿಗೆಯ ದಾರಿ ಬಗ್ಗೆ ಹೇಳಿ.

ಬುತ್ತಿಗಂಟು

ಕಟ್ಟಡ ನಿಧಿಯ ಅಭಿಯಾನಗಳಲ್ಲಿ ಕೆಲಸ ಮಾಡಿದ್ದೇನೆ. ಕ್ರಮ ಹೀಗಿರುತ್ತದೆ.

ಮೊದಲು ಸಾಧ್ಯತಾ ಅಧ್ಯಯನ. ನಿಮ್ಮವರಲ್ಲದ ಒಬ್ಬರು ಹೋಗಿ ದೊಡ್ಡ ದಾನಿಗಳಾಗಬಹುದಾದವರ ಜೊತೆ ಗುಟ್ಟಾಗಿ ಮಾತಾಡುತ್ತಾರೆ. ಈ ಕಟ್ಟಡ ಬೇಕು ಅನ್ನಿಸುತ್ತದಾ, ಈ ಮಂಡಳಿಯ ಮೇಲೆ ನಂಬಿಕೆ ಇದೆಯಾ, ಎಷ್ಟು ಕೊಡುತ್ತೀರಿ ಅಂತ. ನಿಮ್ಮ ಮುಖಕ್ಕೆ ಹೇಳದ್ದನ್ನು ಅವರಿಗೆ ಹೇಳುತ್ತಾರೆ. ಬರುವ ಉತ್ತರ ಕಹಿಯಾಗಿದ್ದರೂ ಅದು ಉಳಿಸುವ ಹಣಕ್ಕೆ ಲೆಕ್ಕವಿಲ್ಲ.

ಆಮೇಲೆ ಸದ್ದಿಲ್ಲದ ಹಂತ. ಯಾವ ಪ್ರಕಟಣೆಯೂ ಇಲ್ಲ, ಫಲಕವೂ ಇಲ್ಲ. ಮಂಡಳಿಯ ಪ್ರತಿಯೊಬ್ಬರೂ ತಮ್ಮ ಕೈಲಾದಷ್ಟು ಕೊಡಬೇಕು. ಮೊತ್ತ ಸಣ್ಣದಾದರೂ ಸರಿ, ಆದರೆ ಒಬ್ಬರೂ ತಪ್ಪುವಂತಿಲ್ಲ. ಯಾಕೆಂದರೆ ಹೊರಗಿನವರು ಕೇಳುವ ಮೊದಲ ಪ್ರಶ್ನೆಯೇ ಅದು. ಗುರಿಯ ಅರ್ಧದಿಂದ ಶೇ 70ರಷ್ಟು ಲಿಖಿತ ಭರವಸೆ ಕೈಗೆ ಬಂದ ಮೇಲೆ ಮಾತ್ರ ಜನರ ಮುಂದೆ ಹೋಗುವುದು. ಸಾವಿರಾರು ಜನ ಸ್ವಲ್ಪ ಸ್ವಲ್ಪ ಕೊಟ್ಟು ಕಟ್ಟಡ ಏಳುತ್ತದೆ ಅಂತ ಅಂದುಕೊಳ್ಳುತ್ತೇವೆ, ಆದರೆ ಸಾಮಾನ್ಯವಾಗಿ ಅರ್ಧದಷ್ಟು ಹಣ ಮೊದಲ ಹತ್ತು ದೇಣಿಗೆಗಳಿಂದಲೇ ಬರುತ್ತದೆ. ಒಂದೊಂದು ದೊಡ್ಡ ದೇಣಿಗೆಗೆ ಮೂರು ನಾಲ್ಕು ಜನರನ್ನು ಕೇಳಬೇಕಾಗುತ್ತದೆ. ನಿಮಗೆ ಮೊದಲ ದೊಡ್ಡ ದೇಣಿಗೆ ಸಿಕ್ಕಿದೆ. ಅದು ಬಹಳ ಕಷ್ಟದ ಭಾಗ. ಅದನ್ನು ಕಡಿಮೆ ಅಂತ ನೋಡಬೇಡಿ.

ಅಪಾಯ ಎರಡಿದೆ. ಒಂದು, ಪ್ರತಿ ವರ್ಷ ಕೊಡುವವರು ಈ ವರ್ಷ ಕಟ್ಟಡಕ್ಕೆ ಕೊಟ್ಟಿದ್ದೇವಲ್ಲ ಅಂತ ಎಂದಿನ ದೇಣಿಗೆ ನಿಲ್ಲಿಸುವುದು. ಅವರನ್ನು ಕೇಳುವಾಗಲೇ, ಎಂದಿನದು ಹಾಗೇ ಇರಲಿ, ಇದು ಅದರ ಮೇಲೆ ಅಂತ ಬಿಡಿಸಿ ಹೇಳಬೇಕು. ಎರಡು, ಭರವಸೆಗಳು ಮೂರರಿಂದ ಐದು ವರ್ಷದಲ್ಲಿ ಕಂತುಕಂತಾಗಿ ಬರುತ್ತವೆ, ಕಟ್ಟುವವರ ಬಿಲ್ಲು ಮಾತ್ರ ತಿಂಗಳು ತಿಂಗಳು ಬರುತ್ತದೆ. ಈ ಅಂತರಕ್ಕೆ ಸಣ್ಣ ಅವಧಿಯ ಸಾಲ ಬೇಕಾಗುತ್ತದೆ. ಇಂಥ ಸಾಲಕ್ಕೆ ನನ್ನ ವಿರೋಧ ಇಲ್ಲ, ಯಾಕೆಂದರೆ ಅದನ್ನು ತೀರಿಸುವ ಹಣ ಯಾರ ಹತ್ತಿರ ಇದೆ ಅಂತ ಹೆಸರು ಸಮೇತ ಗೊತ್ತಿರುತ್ತದೆ. ಕೆಲವರು ಮಾತು ತಪ್ಪುತ್ತಾರೆ, ಅದಕ್ಕೂ ಸ್ವಲ್ಪ ಕಳೆದು ಲೆಕ್ಕ ಹಾಕಿ.

ಲೆಕ್ಕಪತ್ರ

ಕಟ್ಟಡ ನಿಧಿಗೆ ಬೇರೆಯೇ ಖಾತೆ ಇಡಿ. ಸಂಬಳ ತಡವಾದ ತಿಂಗಳು "ಸ್ವಲ್ಪ ದಿನಕ್ಕೆ" ಅಂತ ಅದರಿಂದ ತೆಗೆಯುವುದು ದಾನಿಗೆ ಕೊಟ್ಟ ಮಾತು ಮುರಿದಂತೆ.

ಗಾರೆಕೆಲಸ

ಕಟ್ಟುವವರ ಕಡೆಯಿಂದ ನಾನು. ಹೊಸದಾಗಿ ಕಟ್ಟಲೇಬೇಕಾ ಅಂತ ಯಾರೂ ಕೇಳಲಿಲ್ಲ. ಗಟ್ಟಿಯಾದ ಹಳೇ ಕಟ್ಟಡ ಕೊಂಡು ಒಳಗೆ ಬದಲಿಸಬಹುದು. ಅಥವಾ ಹತ್ತು ಹದಿನೈದು ವರ್ಷದ ಭದ್ರ ಕರಾರಿನಲ್ಲಿ ಬಾಡಿಗೆಗೆ ತೆಗೆದುಕೊಂಡು, ಎರಡು ಸಂದರ್ಶನ ಕೋಣೆ, ಒಂದು ತರಬೇತಿ ಹಾಲ್, ಮಕ್ಕಳ ಜಾಗ ಮಾಡಿಕೊಳ್ಳಬಹುದು. ಈಗ ನಿಮಗಿರುವ ತೊಂದರೆ ಪೂರ್ತಿ ಇದರಿಂದಲೇ ತೀರಬಹುದು.

ಕಟ್ಟುವುದೇ ಆದರೆ ಆಸೆಗೆ ಅಳತೆ ಇರಲಿ. ಅಮೆರಿಕದಲ್ಲಿ 1994ರಿಂದ 2008ರವರೆಗೆ ಎದ್ದ ರಂಗಮಂದಿರ, ಸಂಗ್ರಹಾಲಯಗಳ ಬಗ್ಗೆ ಷಿಕಾಗೊ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ ಯೋಜನೆಗಳಲ್ಲಿ ಶೇ 80ಕ್ಕೂ ಹೆಚ್ಚು ಬಜೆಟ್ ಮೀರಿದ್ದವು. ಕೆಲವಂತೂ ಶೇ 200ರಷ್ಟು. ಅವರೂ ಲಾಭರಹಿತ ಸಂಸ್ಥೆಗಳೇ, ಅವರ ಮಂಡಳಿಯಲ್ಲೂ ತಿಳಿದವರೇ ಇದ್ದರು. ಕೆಲಸ ಶುರುವಾದ ಮೇಲೆ "ಹೇಗೂ ಕಟ್ಟುತ್ತಿದ್ದೇವಲ್ಲ" ಅಂತ ಸೇರುವ ಒಂದೊಂದೇ ಕೋಣೆಯಿಂದ ಬಜೆಟ್ ಹಿಗ್ಗುತ್ತದೆ. ಹೊಸ ಕಟ್ಟಡಕ್ಕೆ ಕನಿಷ್ಠ ಶೇ 10 ಅನಿರೀಕ್ಷಿತ ನಿಧಿ ಇಡಿ. ಹಳೇ ಕಟ್ಟಡ ಬದಲಿಸುವುದಾದರೆ ಇನ್ನೂ ಜಾಸ್ತಿ ಇಡಿ, ಗೋಡೆ ಒಡೆದಾಗ ಒಳಗೆ ಏನಿರುತ್ತದೋ ಗೊತ್ತಿರುವುದಿಲ್ಲ.

ವಿನ್ಯಾಸದಲ್ಲಿ ಮಕ್ಕಳ ಸುರಕ್ಷತೆಯನ್ನು ಮೊದಲ ದಿನದಿಂದಲೇ ಹೇಳಿ. ಮಾತು ಹೊರಗೆ ಕೇಳಬಾರದು, ಆದರೆ ಒಳಗಿರುವವರು ಹೊರಗಿನಿಂದ ಕಾಣಬೇಕು. ಅದಕ್ಕೆ ಬಾಗಿಲಲ್ಲಿ ಗಾಜಿನ ಪಟ್ಟಿ. ಬರಲು ಒಂದೇ ದಾರಿ, ಸ್ವಾಗತದಲ್ಲಿ ಕೂತವರಿಗೆ ಬಂದವರೆಲ್ಲ ಕಾಣಬೇಕು. ಮೂಲೆ, ಮರೆ ಇರುವ ಕಾರಿಡಾರ್ ಬೇಡ. ಇದನ್ನೆಲ್ಲ ಆಮೇಲೆ ಸೇರಿಸಲು ಹೋದರೆ ಎರಡರಷ್ಟು ಖರ್ಚು.

ಸಾಲದಕಡತ

ಒಂದು ಮಹಡಿ ಜಾಸ್ತಿ ಕಟ್ಟಿ ಬಾಡಿಗೆಗೆ ಕೊಟ್ಟರೆ ಕಂತಿಗೆ ಆಧಾರ ಆಗುತ್ತದೆ. ಬ್ಯಾಂಕುಗಳೂ ಇದನ್ನು ಇಷ್ಟಪಡುತ್ತವೆ.

ಪುಟ್ಟಹೆಜ್ಜೆ

ಖಂಡಿತ ಬೇಡ. ನಾವು ಪ್ರತಿ ಮೆಂಟರ್‌ನ ಹಿನ್ನೆಲೆ ಪರಿಶೀಲಿಸಿ, ಪರಿಚಯದವರನ್ನು ಕೇಳಿ, ಸಂದರ್ಶನ ಮಾಡಿ ಒಳಗೆ ಬಿಡುತ್ತೇವೆ. ಮೇಲಿನ ಮಹಡಿಗೆ ಬರುವ ಗಿರಾಕಿಗಳನ್ನು ಯಾರು ಪರಿಶೀಲಿಸುತ್ತಾರೆ?

ಗಾರೆಕೆಲಸ

ಪ್ರತ್ಯೇಕ ಬಾಗಿಲು, ಪ್ರತ್ಯೇಕ ಮೆಟ್ಟಿಲು, ಪ್ರತ್ಯೇಕ ಶೌಚಾಲಯ ಇದ್ದರೆ ಮಾಡಬಹುದು. ಆದರೆ ಅಷ್ಟೆಲ್ಲ ಪ್ರತ್ಯೇಕ ಮಾಡುವ ಖರ್ಚು ನೋಡಿದರೆ ಬಾಡಿಗೆಯ ಲಾಭ ಬಹಳ ಇಳಿಯುತ್ತದೆ. ಬಾಡಿಗೆದಾರರು ಬಿಟ್ಟುಹೋದ ತಿಂಗಳುಗಳೂ ಇರುತ್ತವೆ. ಮಕ್ಕಳಿಗೆ ಸಂಬಂಧಪಟ್ಟ ಇನ್ನೊಂದು ಸಂಸ್ಥೆ, ಅವರಿಗೂ ಇದೇ ಸುರಕ್ಷತಾ ನಿಯಮ ಇದ್ದರೆ, ಯೋಚಿಸಬಹುದು.

ಹೊಸಗಾಳಿ

ಇಷ್ಟೆಲ್ಲ ಎಚ್ಚರಿಕೆ ಕೇಳಿ ನನಗೆ ಒಂದು ಅನುಮಾನ. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಸಂಬಳಕ್ಕೆ ಕೊಡುವುದಿಲ್ಲ. ಇದು ವಾಸ್ತವ ಅಲ್ವಾ? ಬರುವ ಲಕ್ಷ್ಮಿಯನ್ನು ಬಾಗಿಲಲ್ಲೇ ನಿಲ್ಲಿಸೋದು ಸರಿಯಾ?

ಬುತ್ತಿಗಂಟು

ನಿಲ್ಲಿಸಬೇಡಿ, ಜೊತೆಗೆ ಇನ್ನೊಂದನ್ನೂ ಕೇಳಿ. ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ 2,500ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಲು ಹಣ ಕೊಟ್ಟವರು. ಅವರು ಸುಮ್ಮನೆ ಕಟ್ಟಿಸಿ ಹೋಗುತ್ತಿರಲಿಲ್ಲ. ಜಾಗ ಊರಿನವರೇ ಕೊಡಬೇಕು, ಕಟ್ಟಡಕ್ಕೆ ಕೊಟ್ಟ ಮೊತ್ತದ ಶೇ 10ರಷ್ಟನ್ನು ಪ್ರತಿ ವರ್ಷ ನಡೆಸುವ ಖರ್ಚಿಗೆ ಇಡುತ್ತೇವೆ ಅಂತ ಒಪ್ಪಬೇಕು. ಇದು ಅವರ ಸಾಮಾನ್ಯ ಷರತ್ತು. ಕಟ್ಟಡಕ್ಕೇ ಕೊಡುವ ದಾನಿಗೂ ನಾಳೆ ದೀಪ ಹಚ್ಚುವವರು ಯಾರು ಎಂಬ ಚಿಂತೆ ಇತ್ತು. ನಿಮ್ಮ ದಾನಿಯ ಹತ್ತಿರ ಇದನ್ನು ಮಾತಾಡಿ. ಗುರಿಯ ಮೊತ್ತದಲ್ಲೇ ದುರಸ್ತಿ ನಿಧಿ ಮತ್ತು ಮೊದಲ ಮೂರು ವರ್ಷ ಜೋಡಿಗಳನ್ನು ನೋಡಿಕೊಳ್ಳುವ ಸಿಬ್ಬಂದಿಯ ಖರ್ಚು ಸೇರಿಸಿ. ಕಟ್ಟಡ ಅಂತ ಕೇಳಿ ಆಮೇಲೆ ಸಂಬಳಕ್ಕೆ ಬಳಸುವುದು ತಪ್ಪು. ಮೊದಲೇ ಎರಡಕ್ಕೂ ಅಂತ ಹೇಳಿ ಕೇಳುವುದು ತಪ್ಪಲ್ಲ.

ಸಂಬಳಕ್ಕೆ ಯಾರೂ ಕೊಡುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 2022ರಲ್ಲಿ ಅಮೆರಿಕದ ದಾನಿ ಮೆಕೆಂಜಿ ಸ್ಕಾಟ್ ಅವರು ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್‌ನ ರಾಷ್ಟ್ರೀಯ ಸಂಸ್ಥೆ ಮತ್ತು 38 ಶಾಖೆಗಳಿಗೆ ಒಟ್ಟು 12.26 ಕೋಟಿ ಡಾಲರ್ ಕೊಟ್ಟರು. ಇದಕ್ಕೇ ಬಳಸಬೇಕು ಎಂಬ ಕಟ್ಟುಪಾಡು ಅದಕ್ಕಿರಲಿಲ್ಲ.

ಹೊಸಗಾಳಿ

ಗುರಿಯಲ್ಲೇ ಸೇರಿಸುವುದು ಒಳ್ಳೆಯ ದಾರಿ. ನನ್ನ ತಕರಾರು ಅಲ್ಲಿಗೆ ತೀರಿತು. ಮತ್ತೆ ಹೆಸರಿನ ಷರತ್ತು?

ಲೆಕ್ಕಪತ್ರ

"ಶಾಶ್ವತ" ಅನ್ನುವ ಮಾತು ಕಾಗದದಲ್ಲಿ ಬೇಡ. ನ್ಯೂಯಾರ್ಕಿನ ಕಲಾಕೇಂದ್ರ ಲಿಂಕನ್ ಸೆಂಟರ್‌ಗೆ 1973ರಲ್ಲಿ ಏವರಿ ಫಿಶರ್ 1.05 ಕೋಟಿ ಡಾಲರ್ ಕೊಟ್ಟರು, ಸಭಾಂಗಣಕ್ಕೆ ಅವರ ಹೆಸರಾಯಿತು. ದಶಕಗಳ ಮೇಲೆ ಅದನ್ನು ದೊಡ್ಡದಾಗಿ ನವೀಕರಿಸಲು ಹೊಸ ದಾನಿ ಬೇಕಾಯಿತು, ಹೊಸ ದಾನಿಗೆ ಹೆಸರು ಬೇಕು. 2014ರಲ್ಲಿ ಫಿಶರ್ ಕುಟುಂಬಕ್ಕೆ 1.5 ಕೋಟಿ ಡಾಲರ್ ಕೊಟ್ಟು ಹೆಸರು ಬಿಡಿಸಿಕೊಂಡರು. ಮರು ವರ್ಷ ಡೇವಿಡ್ ಗೆಫನ್ 10 ಕೋಟಿ ಕೊಟ್ಟರು. ಅಂದರೆ ಬಂದ ದೇಣಿಗೆಗಿಂತ ಹೆಚ್ಚು ಮೊತ್ತ ಹೆಸರು ತೆಗೆಯಲು ಹೋಯಿತು.

ಹಾಗಾಗಿ 20 ಅಥವಾ 25 ವರ್ಷ, ಇಲ್ಲವೇ ಕಟ್ಟಡ ಇರುವವರೆಗೆ, ದೊಡ್ಡ ನವೀಕರಣ ಬಂದರೆ ಮೊದಲ ಅವಕಾಶ ಅವರದ್ದೇ, ಹೀಗೆ ಬರೆಯಿರಿ. ಹೆಸರಿಗೆ ಕಳಂಕ ಬಂದರೆ ತೆಗೆಯುವ ಹಕ್ಕು ಸಂಸ್ಥೆಗಿರಲಿ. ಮಕ್ಕಳ ಸಂಸ್ಥೆಗೆ ಇದು ಬೇರೆಲ್ಲರಿಗಿಂತ ಮುಖ್ಯ. ಮೂರನೇ ಒಂದು ಪಾಲಿಗೆ ಇಡೀ ಕಟ್ಟಡದ ಹೆಸರು ಕೊಡಬೇಕಾ ಎಂಬುದನ್ನೂ ಚರ್ಚಿಸಿ. ಅರ್ಧ ಕೊಟ್ಟರೆ ಕಟ್ಟಡದ ಹೆಸರು, ಇಲ್ಲದಿದ್ದರೆ ತರಬೇತಿ ಹಾಲ್‌ಗೆ ಹೆಸರು ಅನ್ನಬಹುದು.

ಹಳೇಜೋಡಿ

ಒಂದು ಕೋರಿಕೆ. ಯಾವ ಕೋಣೆಗೆ ಏನು ಬೇಕು ಅಂತ ಈಗ ಬರುತ್ತಿರುವ ಮಕ್ಕಳನ್ನೂ ಕೇಳಿ. ದಾನಿಗಳಿಗೆ ತೋರಿಸಲು ಮಕ್ಕಳ ಫೋಟೊ, ಕಷ್ಟದ ಕಥೆ ಮಾತ್ರ ಬಳಸಬೇಡಿ. ಹದಿನಾಲ್ಕರಲ್ಲಿ ಹೂಂ ಅಂದ ಹುಡುಗನಿಗೆ ಇಪ್ಪತ್ತನಾಲ್ಕರಲ್ಲೂ ಆ ಫೋಟೊ ಅಂಟಿಕೊಂಡಿರುತ್ತದೆ.

ಮರದನೆರಳು

ಇದನ್ನು ಮಂಡಳಿಯ ಮುಂದೆ ಇದೇ ಮಾತಿನಲ್ಲಿ ಓದುತ್ತೇನೆ.

ಎಲ್ಲರ ಮಾತಿನ ಮೇಲೆ ನಾನು ಇಡಲು ಹೊರಟಿರುವ ಪ್ರಸ್ತಾಪ ಇದು. ದೀರ್ಘ ಸಾಲ ಬೇಡ. ಭರವಸೆಗಳ ಮೇಲೆ ಸಣ್ಣ ಅವಧಿಯ ಸಾಲ ಮಾತ್ರ ಇರಬಹುದು. ಸಾಧ್ಯತಾ ಅಧ್ಯಯನ ಮೊದಲು, ನಕ್ಷೆ ಆಮೇಲೆ. ಗುರಿಯ ಮೊತ್ತದಲ್ಲಿ ದುರಸ್ತಿ ನಿಧಿ, ಜೋಡಿಗಳ ಸಿಬ್ಬಂದಿಯ ಖರ್ಚು ಸೇರಬೇಕು. ಬಸ್ ದಾರಿಯಲ್ಲಿ ಹಳೇ ಕಟ್ಟಡ ಅಥವಾ ದೀರ್ಘ ಕರಾರಿನ ಜಾಗ ಸಿಗುತ್ತದಾ ಅಂತ ಜೊತೆಜೊತೆಗೆ ಹುಡುಕುವುದು. ಲಿಖಿತ ಭರವಸೆ ಶೇ 70 ತಲುಪುವವರೆಗೆ ಗುದ್ದಲಿ ಪೂಜೆ ಇಲ್ಲ.

ಉಳಿದ ತೊಡಕು ದಾನಿಯ ಒಂದು ವರ್ಷದ ಗಡುವು. ಇಷ್ಟೆಲ್ಲ ಒಂದು ವರ್ಷದಲ್ಲಿ ಆಗುವುದಿಲ್ಲ. ಕೇಳಿದರೆ ಬೇಸರ ಮಾಡಿಕೊಂಡು ಹೊರಟುಹೋದರೆ ಅಂತ ಮಂಡಳಿಗೆ ಅಳುಕು.

ಬುತ್ತಿಗಂಟು

ಗಡುವಿನ ಹಿಂದೆ ಏನಿದೆ ಅಂತ ಮೊದಲು ಕೇಳಿ. ಕೆಲವರಿಗೆ ತೆರಿಗೆಯ ಲೆಕ್ಕ, ಕೆಲವರಿಗೆ ವಯಸ್ಸು, ಕೆಲವರಿಗೆ ಈ ಹಿಂದೆ ಯಾರೋ ಹಣ ಪಡೆದು ಸುಮ್ಮನೆ ಕೂತ ಕಹಿ. ಒಂದೊಂದಕ್ಕೂ ಬೇರೆ ಉತ್ತರ ಇದೆ. ತೆರಿಗೆಯಾದರೆ ಹಣವನ್ನು ಈಗಲೇ ಪ್ರತ್ಯೇಕ ಖಾತೆಗೆ ಪಡೆದು, ಹಂತ ಹಂತವಾಗಿ ಬಳಸುವ ಒಪ್ಪಂದ ಮಾಡಿಕೊಳ್ಳಬಹುದು. ಅಪನಂಬಿಕೆಯಾದರೆ "ಕೆಲಸ ಶುರು" ಎಂಬುದನ್ನು ಬಿಡಿಸಿ ಬರೆಯಿರಿ: ಆರು ತಿಂಗಳಿಗೆ ಅಧ್ಯಯನ, ಒಂದು ವರ್ಷಕ್ಕೆ ಜಾಗ, ಹದಿನೆಂಟು ತಿಂಗಳಿಗೆ ಶೇ 70 ಭರವಸೆ. ಪ್ರತಿ ಹಂತಕ್ಕೂ ಅವರಿಗೆ ವರದಿ. ಅಧ್ಯಯನದ ಖರ್ಚನ್ನು ಅವರೇ ಮೊದಲ ಕಂತಾಗಿ ಕೊಡುತ್ತಾರಾ ಅಂತಲೂ ಕೇಳಿ. ತಮ್ಮ ಹಣ ಹಾಕಿದ ಅಧ್ಯಯನದ ಉತ್ತರ ಬರುವವರೆಗೆ ಕಾಯುವ ಮನಸ್ಸು ಹೆಚ್ಚಿನವರಿಗೆ ಇರುತ್ತದೆ.

ಪುಟ್ಟಹೆಜ್ಜೆ

ಆ ಮಾತುಕತೆಗೆ ಮಂಡಳಿಯವರ ಜೊತೆ ಜೋಡಿಗಳನ್ನು ನೋಡಿಕೊಳ್ಳುವ ಒಬ್ಬರನ್ನೂ ಕರೆದುಕೊಂಡು ಹೋಗಿ. ಒಂದು ಜೋಡಿ ವರ್ಷ ದಾಟಲು ಎಷ್ಟು ಫೋನ್, ಎಷ್ಟು ಭೇಟಿ ಬೇಕು ಅಂತ ಅವರು ದಾನಿಗೆ ನೇರವಾಗಿ ಹೇಳಲಿ.

ಮರದನೆರಳು

ಖಂಡಿತ ಕರೆದುಕೊಂಡು ಹೋಗುತ್ತೇನೆ. ಸಭೆ ಮುಂದಿನ ತಿಂಗಳು ಇದೆ. ದಾನಿಯ ಉತ್ತರ ಏನು ಬಂತು ಅಂತ ಇಲ್ಲೇ ಬರೆಯುತ್ತೇನೆ.